ತೆಳ್ಳಗಿದ್ದವನ ಶುಗರ್
ದಪ್ಪ ಇದ್ದವರಿಗೆ ಮಾತ್ರ ಸಕ್ಕರೆ ಕಾಯಿಲೆ ಅನ್ನೋದು ತಪ್ಪು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನ್ನದೇ ಕಥೆ ಓದಿದ ಹಾಗಾಯ್ತು. ನನ್ನ ತೂಕ 54 ಕೆಜಿ, ಬೆಲ್ಟಿಗೆ ಎರಡು ತೂತು ಹೆಚ್ಚಿಗೆ ಹಾಕಿಸಿಕೊಂಡವನು. ಹೋದ ವರ್ಷ ವಿಜಯಪುರದಲ್ಲಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) ಮಾಡಿಸಿದರೆ ಶೇ 8.2 ಬಂತು. 6.5 ಮುಟ್ಟಿದರೇ ಡಯಾಬಿಟಿಸ್. ಚೀಟಿ ಅದಲುಬದಲಾಗಿದೆ ಅಂತ ಬೇರೆ ಲ್ಯಾಬಿಗೆ ಓಡಿದೆ. ಅಲ್ಲೂ ಅಷ್ಟೇ. ಕೈಕಾಲು ಸಣ್ಣ ಇದ್ದರೂ ಹೊಟ್ಟೆಯೊಳಗೆ, ಲಿವರ್‌ನಲ್ಲಿ ಕೊಬ್ಬು ಇರಬಹುದು, ಅದರಿಂದಲೂ ಶುಗರ್ ಬರಬಹುದು, ಅಪ್ಪನಿಗೂ ಶುಗರ್ ಇತ್ತಲ್ವಾ ಅಂದರು ಡಾಕ್ಟರು. ಜೋಳದ ರೊಟ್ಟಿ ತಿನ್ನೋರಿಗೆ ಏನೂ ಆಗಲ್ಲ ಅಂತ ಸುಮ್ನೆ ನಂಬಿದ್ದೆ. ನಾಲ್ಕು ತಿಂದರೆ ಅದೂ ಶುಗರ್ ಏರಿಸುತ್ತದೆ. ಈಗ ಎರಡೇ ರೊಟ್ಟಿ, ಪುಂಡಿ ಪಲ್ಯ ಜಾಸ್ತಿ. ಸಂಜೆ ಗೋಳಗುಮ್ಮಟದ ಕಡೆ ಒಂದು ತಾಸು ನಡಿಗೆ. ಮದುವೆ ಮನೆಯಲ್ಲಿ ಮಾತ್ರ ‘ನಿನಗೆಲ್ಲಿಯ ಶುಗರೋ, ತಿನ್ನು’ ಅಂತ ಇನ್ನೊಂದು ಹೋಳಿಗೆ ಬಡಿಸುತ್ತಾರೆ.