ಒತ್ತಬೇಡಿ, ಅದು ಚಪಾತಿಯಲ್ಲ

ಶನಿವಾರ ಬೆಳಗ್ಗೆ ಸೋಡಾ ಫಾರ್ಲ್ ಕಾವಲಿಯ ಮೇಲೆ ಮೆಲ್ಲಗೆ ಉಬ್ಬುತ್ತಿರುವಾಗ ಹಿಂದಿನಿಂದ ಯಾರೋ ಬಂದು, ದೋಸೆ ಮಗುಚುವ ಕೈಯಿಂದ ಅದನ್ನು ಗಟ್ಟಿಯಾಗಿ ಒತ್ತಿ ಹೋಗುತ್ತಾರಲ್ಲ, ಅವರ ಬಗ್ಗೆ ಎರಡು ಮಾತು ಬರೆಯದಿದ್ದರೆ ಇವತ್ತಿನ ಕಾಫಿ ಇಳಿಯುವುದಿಲ್ಲ. ಬೆಲ್‌ಫಾಸ್ಟಿನಲ್ಲೋ ಡಬ್ಲಿನ್ನಿನಲ್ಲೋ ಬಾಡಿಗೆ ಮನೆ ಹಿಡಿದಿರುವ ಕನ್ನಡದವರಿಗೆ ಇವರ ಪರಿಚಯ ಮಾಡಿಸಬೇಕಾಗಿಲ್ಲ. ಕೆಲವು ಮನೆಗಳಲ್ಲಿ ಇವರು ರೂಮ್‌ಮೇಟ್, ಕೆಲವು ಕಡೆ ಊರಿಂದ ಬಂದ ಚಿಕ್ಕಪ್ಪ. ಹೆಚ್ಚಿನ ಕಡೆ, ವಾರವಿಡೀ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವ ಯಜಮಾನರು.

ಫಾರ್ಲ್ ಎಂದರೆ ಉತ್ತರ ಐರ್ಲೆಂಡಿನ ಬೆಳಗಿನ ತಿಂಡಿಯಾದ ಅಲ್ಸ್ಟರ್ ಫ್ರೈ ತಟ್ಟೆಯಲ್ಲಿ ಮೊಟ್ಟೆಯ ಪಕ್ಕ ಕೂತಿರುವ ತ್ರಿಕೋನದ ಬ್ರೆಡ್. ಅವನ್ ಬೇಡ, ಯೀಸ್ಟ್ ಬೇಡ. 250 ಗ್ರಾಂ ಮೈದಾ, ಅರ್ಧ ಚಮಚ ಉಪ್ಪು, ತಲೆ ಸವರಿದ ಅರ್ಧ ಚಮಚ ಅಡುಗೆ ಸೋಡಾ, 200ರಿಂದ 225 ಮಿಲಿಲೀಟರ್ ಹುಳಿ ಮಜ್ಜಿಗೆ. ಇಷ್ಟೇ. ಇಷ್ಟೇ ಆಗಿರುವುದರಿಂದಲೇ ಎಲ್ಲರಿಗೂ ಇದರಲ್ಲಿ ಕೈಯಾಡಿಸುವ ಧೈರ್ಯ ಬರುವುದು.

ಮೊದಲ ಅನಾಹುತ ಹಿಟ್ಟು ಕಲಸುವಾಗಲೇ. ಪಾತ್ರೆ ನೋಡಿದ ತಕ್ಷಣ ನಮ್ಮವರ ಅಂಗೈ ಚಪಾತಿ ಹಿಟ್ಟು ನಾದಲು ಸಿದ್ಧವಾಗುತ್ತದೆ. ನಾದಬಾರದು. ನಡುವೆ ಗುಳಿ ಮಾಡಿ, ಮಜ್ಜಿಗೆಯನ್ನು ಒಂದೇ ಸಲ ಸುರಿದು, ಬೆರಳು ಅಗಲಿಸಿ ನಾಲ್ಕು ಸುತ್ತು ತಿರುಗಿಸಿದರೆ ಮುಗಿಯಿತು. ಕೈಗೆ ಅಂಟಬೇಕು, ನೋಡಲು ಒರಟಾಗಿರಬೇಕು. ಐರ್ಲೆಂಡಿನ ಮೆದು ಗೋಧಿಯಲ್ಲಿ ಅಂಟು (ಗ್ಲುಟೆನ್) ಕಡಿಮೆ. ಯೀಸ್ಟ್ ಬ್ರೆಡ್ಡಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ, ಸೋಡಾ ಬ್ರೆಡ್ಡಿಗೆ ಹೇಳಿ ಮಾಡಿಸಿದ್ದು. ಇರುವ ಅಷ್ಟಿಷ್ಟು ಅಂಟನ್ನೂ ನಾದಿ ಎಬ್ಬಿಸಿದರೆ ಫಾರ್ಲ್ ಜಗಿದಷ್ಟೂ ಮುಗಿಯುವುದಿಲ್ಲ. ಏಷ್ಯನ್ ಅಂಗಡಿಯ ಚಪಾತಿ ಹಿಟ್ಟು ಹಾಕಿದರೂ ಗತಿ ಅದೇ: ಮಜ್ಜಿಗೆಯನ್ನೆಲ್ಲ ಕುಡಿದು ಗಟ್ಟಿಯಾಗಿ ಕೂತುಬಿಡುತ್ತದೆ.

ನಾದುವುದು ತಪ್ಪಿಸಿದಿರಾ? ಮುಂದಿನ ಸಲಹೆ ಬಾಗಿಲಲ್ಲೇ ನಿಂತಿರುತ್ತದೆ: "ಅರ್ಧ ಗಂಟೆ ಮುಚ್ಚಿಡು, ನೆನೀಲಿ." ನೆನೆಯುವುದಲ್ಲ, ಸಾಯುತ್ತದೆ. ಹುಳಿ ತಾಗಿದ ಕ್ಷಣದಿಂದಲೇ ಸೋಡಾ ಗಾಳಿ ಬಿಡಲು ಶುರುಮಾಡುತ್ತದೆ, ಯಾರಿಗೂ ಕಾಯುವುದಿಲ್ಲ. ಅದಕ್ಕೇ ಕಾವಲಿ ಮೊದಲು ಕಾಯಬೇಕು, ಹಿಟ್ಟು ಆಮೇಲೆ ಒದ್ದೆಯಾಗಬೇಕು. ಅಂಗಡಿಯಲ್ಲಿ ಸೋಡಾ ಬ್ರೆಡ್ ಹಿಟ್ಟು ಎಂದೇ ಸಿಗುವ ಪೊಟ್ಟಣ ತಂದಿದ್ದರೆ ಅದರಲ್ಲಿ ಸೋಡಾ ಮೊದಲೇ ಬೆರೆತಿರುತ್ತದೆ. ಮೇಲಿಂದ ಇನ್ನೊಂದು ಚಮಚ ಹಾಕಿದರೆ ಫಾರ್ಲ್ ಹಳದಿಯಾಗಿ, ಬಾಯಿಗೆ ಸೋಪಿನ ರುಚಿ. ಮಜ್ಜಿಗೆ ಎಂದು ನಾವು ಮಾಡಿಡುವ ತೆಳು ನೀರಿನಲ್ಲಿ ಅಷ್ಟು ಹುಳಿಯಿಲ್ಲ. ಎರಡು ಪಾಲು ಹುಳಿ ಮೊಸರಿಗೆ ಒಂದು ಪಾಲು ನೀರು ಸೇರಿಸಿ ಕಡೆದರೆ ಇಲ್ಲಿನ ಪ್ಯಾಕೆಟ್ ಮಜ್ಜಿಗೆಯ ಹತ್ತಿರ ಬರುತ್ತದೆ. ಇಂಗು ಒಗ್ಗರಣೆ ಬಿದ್ದ ಮಜ್ಜಿಗೆಯನ್ನು ದಯವಿಟ್ಟು ಕುಡಿದುಬಿಡಿ.

ಇನ್ನು ಉರಿ. ಪಾಕವಿಧಾನಗಳೆಲ್ಲ "ಮಧ್ಯಮ ಉರಿ" ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಬಾಡಿಗೆ ಮನೆಯ ಕರೆಂಟ್ ಒಲೆಯ ಗುಂಡಿಯಲ್ಲಿ ಒಂದರಿಂದ ಒಂಬತ್ತು ಅಂಕಿ. ಅದರಲ್ಲಿ ಮಧ್ಯಮ ಯಾವುದು ಎಂಬುದು ಒಲೆಗೂ ಗೊತ್ತಿಲ್ಲ. ಊರಿಂದ ಹೊತ್ತು ತಂದ ಕಬ್ಬಿಣದ ದೋಸೆ ಕಾವಲಿ ಈ ಕೆಲಸಕ್ಕೆ ಚೆನ್ನಾಗಿಯೇ ಆಗುತ್ತದೆ, ಎಣ್ಣೆ ಜಿಡ್ಡು ಪೂರ್ತಿ ಒರೆಸಿರಬೇಕು ಅಷ್ಟೆ. ಆದರೆ ನೀರು ಚಿಮುಕಿಸಿ 'ಚುಂಯ್' ಅನ್ನಿಸುವ ನಮ್ಮ ಪರೀಕ್ಷೆ ಇಲ್ಲಿ ನಡೆಯದು. ಆ ಬಿಸಿಗೆ ಫಾರ್ಲಿನ ತಳ ಎರಡು ನಿಮಿಷದಲ್ಲಿ ಕರಕಲು, ಹೊಟ್ಟೆ ಹಸಿ. ಚಿಟಿಕೆ ಮೈದಾ ಉದುರಿಸಿ ನೋಡಿ: ಒಂದೆರಡು ನಿಮಿಷಕ್ಕೆ ಅದು ತಿಳಿ ಕಂದು ಬಣ್ಣಕ್ಕೆ ತಿರುಗಿದರೆ ಸರಿ, ಬಿದ್ದ ಕೂಡಲೇ ಕಪ್ಪಾದರೆ ಕಾವಲಿ ಕೆಳಗಿಳಿಸಿ ಕಾಯಿರಿ.

ಹಿಟ್ಟನ್ನು ಹಲಗೆಯ ಮೇಲೆ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ದುಂಡಗೆ ತಟ್ಟಿ, ಶಿಲುಬೆಯಂತೆ ಕತ್ತರಿಸಿ, ನಾಲ್ಕು ತುಂಡನ್ನೂ ಒಣ ಕಾವಲಿಗೆ ಇಡಿ. ಒಂದೊಂದು ಮಗ್ಗುಲಿಗೆ ಆರರಿಂದ ಎಂಟು ನಿಮಿಷ. ಈ ಎಂಟು ನಿಮಿಷದಲ್ಲಿ ಮಾಡಬೇಕಾದ ಕೆಲಸ ಏನೂ ಇಲ್ಲ. ಅನಾಹುತದ ಮೂಲವೇ ಅದು. ಕಾವಲಿಯ ಮುಂದೆ ಸುಮ್ಮನೆ ನಿಲ್ಲುವ ವಿದ್ಯೆ ನಮ್ಮ ಜನಕ್ಕೆ ಸಿದ್ಧಿಸಿಲ್ಲ.

"ರೀ, ಒತ್ತಬೇಡಿ."

"ಒತ್ತಲಿಲ್ಲ ಕಣೇ, ಮುಟ್ಟಿದೆ ಅಷ್ಟೇ."

ಈ ಮುಟ್ಟುವಿಕೆಗೆ ಫಾರ್ಲ್ ಅರ್ಧ ಸೆಂಟಿಮೀಟರ್ ಇಳಿದಿರುತ್ತದೆ. ಚಪಾತಿಯ ಅಂಚನ್ನು ಬಟ್ಟೆಯಿಂದ ಒತ್ತಿದರೆ ಒಳಗಿನ ಹಬೆ ಸುತ್ತ ಓಡಿ ಎರಡು ಪದರ ಬಿಟ್ಟುಕೊಂಡು ಪೂರಿಯಂತೆ ಉಬ್ಬುತ್ತದೆ, ನಿಜ. ಫಾರ್ಲಿನಲ್ಲಿ ಪದರವೇ ಇಲ್ಲ. ಇರುವುದು ಸಣ್ಣ ಸಣ್ಣ ಗುಳ್ಳೆ, ಗುಳ್ಳೆಯ ಸುತ್ತ ಇನ್ನೂ ಬೇಯದ ಹಸಿ ಗೋಡೆ. ಒತ್ತಿದರೆ ಗುಳ್ಳೆ ಒಡೆಯಿತು. ಸೋಡಾ ತನ್ನ ಹೆಚ್ಚಿನ ಗಾಳಿಯನ್ನು ಆಗಲೇ ಬಿಟ್ಟಾಗಿದೆ, ಎರಡನೇ ಸಲ ಎತ್ತಿ ಕೊಡಲು ಯಾರೂ ಇಲ್ಲ. ಮುರಿದು ನೋಡಿದರೆ ನಡುವೆ ಅಂಟಂಟಾದ ಒಂದು ಪಟ್ಟಿ. ಅದನ್ನು ಬೆರಳಲ್ಲಿ ತೋರಿಸಿ ಇವರೇ ಹೇಳುವ ಮಾತು: "ನೋಡು, ಒಳಗೆ ಬೆಂದೇ ಇಲ್ಲ. ನಂಗೆ ಅನುಮಾನ ಬಂದೇ ಒತ್ತಿ ನೋಡಿದ್ದು."

ಬೆಂದಿದೆಯೋ ಎಂದು ನೋಡಲು ಕಣ್ಣು ಸಾಕು. ಕತ್ತರಿಸಿದ ಮಗ್ಗುಲು ಮೊದಲು ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಬೇಯುತ್ತಾ ಹೋದಂತೆ ಆ ಹೊಳಪು ಕೆಳಗಿನಿಂದ ಮೇಲಕ್ಕೆ ಆರಿ, ಬಿಳಿಚಿಕೊಂಡ ಗೆರೆಯೊಂದು ಏರುತ್ತದೆ. ಗೆರೆ ಅರ್ಧಕ್ಕೆ ಬಂದಾಗ ಮಗುಚಬೇಕು. ಒಂದೇ ಸಲ. ಎರಡೂ ಕಡೆ ಆದ ಮೇಲೆ ಫಾರ್ಲುಗಳನ್ನು ಕತ್ತರಿಸಿದ ಅಂಚಿನ ಮೇಲೆ, ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಪ್ರತಿ ಅಂಚಿಗೂ ಒಂದು ನಿಮಿಷ ಬಿಸಿ ಕಾಣಿಸಬೇಕು. ಇದನ್ನು ಬಿಟ್ಟರೆ ಅಂಚು ಹಸಿಯಾಗಿಯೇ ಉಳಿಯುತ್ತದೆ. ನಿಲ್ಲಿಸಿ, ಮಜ್ಜಿಗೆ ಪ್ಯಾಕೆಟ್ಟನ್ನು ಫ್ರಿಜ್ಜಿಗಿಟ್ಟು ತಿರುಗುವಷ್ಟರಲ್ಲಿ ನಾಲ್ಕೂ ಅಂಗಾತ ಮಲಗಿರುತ್ತವೆ. "ಬಿದ್ದುಹೋಗೋ ಹಾಗಿತ್ತು, ಸರಿ ಮಾಡಿದೆ."

ಕೊನೆಗೆ ಬಟ್ಟೆ. ಬಿಸಿ ಫಾರ್ಲನ್ನು ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ತನ್ನ ಹಬೆಯಲ್ಲೇ ಹೊರಮೈ ಮೆದುವಾಗುತ್ತದೆ. ಆದರೆ ಆ ಬಟ್ಟೆ ಆ ಹೊತ್ತಿಗೆ ಪಡಸಾಲೆಯಲ್ಲಿ, ಕೂಗುತ್ತಿರುವ ಹೊಗೆ ಅಲಾರಮ್ಮಿನ ಕೆಳಗೆ, ಬೀಸಣಿಗೆಯಾಗಿ ಬಳಕೆಯಾಗುತ್ತಿರುತ್ತದೆ. ಹೊಗೆ ಬಂದದ್ದು ಫಾರ್ಲಿನಿಂದಲ್ಲ, ಕಾವಲಿಯ ಮೇಲೆ ಉದುರಿ ಉಳಿದ ಒಣ ಹಿಟ್ಟಿನಿಂದ. ಪ್ರತಿ ಸುತ್ತಿಗೂ ಅದನ್ನು ಒಣಬಟ್ಟೆಯಲ್ಲಿ ಗುಡಿಸಿಬಿಟ್ಟರೆ ಅಲಾರಂ ಬಾಯಿ ಮುಚ್ಚಿಕೊಂಡಿರುತ್ತದೆ. ಹೊಗೆ ಆರಿದ ಮೇಲೂ ಬಟ್ಟೆ ಬಿಚ್ಚಿ ಬಿಚ್ಚಿ ನೋಡಬಾರದು. ಎಷ್ಟು ಸಲ ಬಿಚ್ಚುತ್ತೀರೋ ಸಿಪ್ಪೆ ಅಷ್ಟು ಗಟ್ಟಿ.

ಬೆಲ್‌ಫಾಸ್ಟಿನ ಹತ್ತಿರ ಕಲ್ಟ್ರಾದಲ್ಲಿರುವ ಅಲ್ಸ್ಟರ್ ಜಾನಪದ ವಸ್ತುಸಂಗ್ರಹಾಲಯದಲ್ಲಿ ಹಳೆಯ ರೈತರ ಮನೆಗಳ ಒಲೆಗಳನ್ನು ನೋಡಬಹುದು. ಬೆಂಕಿಯ ಮೇಲೆ ತಿರುಗುವ ಕಬ್ಬಿಣದ ತೋಳು, ಅದಕ್ಕೆ ತೂಗುಬಿಟ್ಟ ದುಂಡು ಕಾವಲಿ. ಉರಿ ಹೆಚ್ಚಾಯಿತೋ, ಕಾವಲಿಯನ್ನು ಒಂದು ಕೊಕ್ಕೆ ಮೇಲಕ್ಕೆ ಏರಿಸಿದರಾಯಿತು. ಅಡುಗೆ ಸೋಡಾ ಈ ದೇಶದ ಅಡುಗೆಮನೆಗಳಿಗೆ ಬಂದದ್ದು 1830ರ ದಶಕದ ನಂತರ. ಆಮೇಲೆ ತಲೆಮಾರುಗಟ್ಟಲೆ ಹೆಂಗಸರು ಇಂಥ ಒಲೆಯ ಮುಂದೆ ಅಂಕಿಯಿಲ್ಲದೆ, ತಕ್ಕಡಿಯಿಲ್ಲದೆ ದಿನದ ಬ್ರೆಡ್ ಸುಟ್ಟಿದ್ದಾರೆ. ಮಜ್ಜಿಗೆ ಮನೆಯದೇ, ಬೆಣ್ಣೆ ಕಡೆದು ಉಳಿದದ್ದು. ಅಳತೆ ಬರೆದಿಡಬೇಕು ಎಂದು ಅವರಿಗೆ ಅನಿಸಿರಲಿಕ್ಕಿಲ್ಲ, ಪಕ್ಕದಲ್ಲಿ ನಿಂತು ನೋಡಿ ಕಲಿಯುವ ಮಗಳಿದ್ದಳು. ನಮ್ಮ ಪಕ್ಕದಲ್ಲಿ ಯಾರು ನಿಂತಿರುತ್ತಾರೆ ಎಂದು ಆಗಲೇ ಹೇಳಿಯಾಗಿದೆ.

ಅಂದಹಾಗೆ, ಫಾರ್ಲ್ ಅವತ್ತೇ ಚೆಂದ. ಉಳಿದರೆ ಮರುದಿನ ಅಡ್ಡಕ್ಕೆ ಸೀಳಿ, ಒಳಮೈ ಕೆಳಗೆ ಬರುವಂತೆ ಬೆಣ್ಣೆಯಲ್ಲಿ ಹುರಿಯಿರಿ. ಆಗ ಬೇಕಾದಷ್ಟು ಒತ್ತಲಿ, ಗರಿಗರಿಯಾಗುತ್ತದೆ. ವಿಚಿತ್ರವೆಂದರೆ ಆಗ ಅವರು ಅಡುಗೆಮನೆಯ ಕಡೆ ತಲೆಯೂ ಹಾಕುವುದಿಲ್ಲ.

ಆಲೂಗಡ್ಡೆ ಬ್ರೆಡ್ಡಿನಲ್ಲಿ ಸೋಡಾ ಇಲ್ಲದ್ದರಿಂದ ಕಿರಿಕಿರಿ ಕಡಿಮೆ. ರೂಸ್ಟರ್, ಕೆರ್ಸ್ ಪಿಂಕ್‌ನಂಥ ಹಿಟ್ಟುಹಿಟ್ಟಾಗಿ ಬೇಯುವ ಆಲೂಗಡ್ಡೆ ಅರ್ಧ ಕಿಲೋ, ಮೈದಾ 100 ಗ್ರಾಂ, ಬೆಣ್ಣೆ 25 ಗ್ರಾಂ, ಉಪ್ಪು. ಬಿಸಿ ಇರುವಾಗಲೇ ಮಸೆದು ಕಲಸಿ, ಅರ್ಧ ಸೆಂಟಿಮೀಟರಿಗಿಂತ ತುಸು ದಪ್ಪಗೆ ಲಟ್ಟಿಸಿ, ನಾಲ್ಕು ಮಾಡಿ, ಒಣ ಕಾವಲಿಯಲ್ಲಿ ಮಗ್ಗುಲಿಗೆ ನಾಲ್ಕೈದು ನಿಮಿಷ. ಆರಿದ ಮೇಲೆ ಕಲಸಿದರೆ ಹಿಟ್ಟು ಜಾಸ್ತಿ ಬೇಡುತ್ತದೆ, ಬ್ರೆಡ್ ಚರ್ಮದಂತಾಗುತ್ತದೆ. ಮಿಕ್ಸಿಗೆ ಹಾಕಿದರೆ ಪೋಸ್ಟರ್ ಅಂಟಿಸಬಹುದು. ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಹಾಕೋಣ ಎಂಬ ಸಲಹೆ ಬಂದೇ ಬರುತ್ತದೆ. ಹಾಕಿ, ರುಚಿಯಾಗಿರುತ್ತದೆ, ಆದರೆ ಆಮೇಲೆ ಅದಕ್ಕೆ ಆಲೂ ಪರಾಠ ಎನ್ನಿ.

ಐರ್ಲೆಂಡಿನ ಲೀಟ್ರಿಮ್, ಕ್ಯಾವನ್ ಕಡೆಯ ಬಾಕ್ಸ್ಟಿ ಎಂಬ ಆಲೂಗಡ್ಡೆ ದೋಸೆಗೆ ಅರ್ಧ ಹಸಿ ಆಲೂಗಡ್ಡೆ ತುರಿ, ಅರ್ಧ ಬೇಯಿಸಿ ಮಸೆದದ್ದು, ಜೊತೆಗೆ ಮೈದಾ, ಮಜ್ಜಿಗೆ, ಚಿಟಿಕೆ ಸೋಡಾ. ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಕೈನೋವು ಬರುವ ತನಕ ಹಿಂಡಬೇಕು, ಒತ್ತುವ ಆಸೆಯಿದ್ದವರನ್ನು ಈ ಕೆಲಸಕ್ಕೆ ಹಚ್ಚಬಹುದು. ಹಸಿ ತುರಿ ಗಾಳಿ ತಾಗಿದರೆ ಬೇಗ ಬೂದಿಬಣ್ಣಕ್ಕೆ ತಿರುಗುವುದರಿಂದ ಅದನ್ನು ಕೊನೆಗೆ ತುರಿಯಿರಿ, ಕಾವಲಿಗೆ ಬೆಣ್ಣೆ ಸವರಿರಿ. ದೋಸೆ ಹಿಟ್ಟಿನ ಹಾಗೆ ರಾತ್ರಿಯೇ ಕಲಸಿಟ್ಟರೆ ಹುಳಿ ಚೆನ್ನಾಗಿ ಬರುತ್ತದೆಯೇ ಎಂದು ಕೇಳುವವರಿಗೆ: ಬೇಡ. ಬೆಳಗ್ಗೆ ಹೊತ್ತಿಗೆ ಪಾತ್ರೆಯಲ್ಲಿ ಕರಿ ನೀರು ನಿಂತಿರುತ್ತದೆ, ತೊಳೆಯುವವರು ನೀವೇ.