ಸ್ಪಷ್ಟನೆ: ಕೂನೋದಲ್ಲಿರುವುದು ಏಷ್ಯಾದ ಚೀತಾ ಅಲ್ಲ

"ಏಷ್ಯಾದ ಚೀತಾ ಈಗ ಇರಾನ್ ಜೊತೆಗೆ ಭಾರತದಲ್ಲೂ ಇದೆ, ಅದರ ನೆಲೆ ಮತ್ತೆ ಹಿಗ್ಗುತ್ತಿದೆ" ಎಂಬ ಸಂದೇಶ ನಕ್ಷೆ ಸಮೇತ ಓಡಾಡುತ್ತಿದೆ. ಇದು ತಪ್ಪು.

ಮಧ್ಯಪ್ರದೇಶದ ಕೂನೋ ರಾಷ್ಟ್ರೀಯ ಉದ್ಯಾನಕ್ಕೆ ಬಂದದ್ದು ಆಫ್ರಿಕಾದ ಚೀತಾಗಳು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12. ನೋಡಲು ಏಷ್ಯಾದ ಚೀತಾ, ಆಫ್ರಿಕಾದ ಚೀತಾ ಎರಡೂ ಹೆಚ್ಚುಕಮ್ಮಿ ಒಂದೇ ಥರ: ಕಣ್ಣಂಚಿನಿಂದ ಬಾಯಿಯವರೆಗೆ ಇಳಿದ ಕಪ್ಪು ಗೆರೆ, ಮೈತುಂಬ ಕಪ್ಪು ಚುಕ್ಕೆ. ಆದರೆ ಇವು ಹತ್ತಾರು ಸಾವಿರ ವರ್ಷಗಳ ಹಿಂದೆಯೇ ಬೇರೆಯಾದ ಉಪಜಾತಿಗಳು. ನಕ್ಷೆ ಹಾಕುವವರು ದಯವಿಟ್ಟು ಎರಡಕ್ಕೂ ಬೇರೆ ಬೇರೆ ಬಣ್ಣ ಕೊಡಿ.

ಏಷ್ಯಾದ ಚೀತಾ ಒಂದು ಕಾಲದಲ್ಲಿ ಅರೇಬಿಯಾದಿಂದ ಭಾರತದವರೆಗೆ ಹರಡಿತ್ತು. ನಮ್ಮಲ್ಲಿ ರಾಜರು ಅದನ್ನು ಪಳಗಿಸಿ ಕೃಷ್ಣಮೃಗದ ಬೇಟೆಗೆ ಬಿಡುತ್ತಿದ್ದರು. ಸೆರೆಯಲ್ಲಿ ಅದು ಮರಿ ಹಾಕುವುದು ತೀರಾ ಅಪರೂಪ. ಹಾಗಾಗಿ ಪ್ರತಿ ಸಲ ಕಾಡಿನಿಂದಲೇ ಹೊಸದನ್ನು ಹಿಡಿದು ತರಬೇಕಿತ್ತು. ಕಾಡು ಬರಿದಾಗದೆ ಇನ್ನೇನಾಗುತ್ತೆ? ಹುಲ್ಲುಗಾವಲು ಹೊಲವಾಯಿತು, ಬಂದೂಕು ಬಂತು. 1952ರಲ್ಲಿ ಭಾರತದಲ್ಲಿ ಚೀತಾ ಅಳಿದಿದೆ ಎಂದು ಘೋಷಿಸಲಾಯಿತು.

ಈಗ ಅದು ಕಾಡಿನಲ್ಲಿ ಉಳಿದಿರುವುದು ಇರಾನ್‌ನಲ್ಲಿ ಮಾತ್ರ, ಅದೂ 50ಕ್ಕಿಂತ ಕಡಿಮೆ. ಅದರ ನೆಲೆ ಹಿಗ್ಗುತ್ತಿಲ್ಲ, ಕುಗ್ಗಿದೆ. ಅಲ್ಲಿ ಬೇಟೆಗೆ ಬೇಕಾದ ಜಿಂಕೆಯಂಥ ಪ್ರಾಣಿಗಳು ಕಡಿಮೆಯಾಗಿವೆ. ಕುರಿಗಾಹಿಗಳ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಹೆದ್ದಾರಿ ದಾಟುವಾಗ ಚೀತಾಗಳು ವಾಹನಕ್ಕೆ ಸಿಕ್ಕಿ ಸಾಯುವುದೇ ಜಾಸ್ತಿ ನೋವಿನ ಸಂಗತಿ. ಇಷ್ಟು ಸಣ್ಣ ಗುಂಪಿನಲ್ಲಿ ಒಂದು ಹೆಣ್ಣು ಸತ್ತರೂ ಅದು ದೊಡ್ಡ ಪೆಟ್ಟು.