ರದ್ದಿ ತಕ್ಕಡಿಯಲ್ಲಿ ಸ್ಟಾರ್ ಟ್ರೆಕ್

ಇವತ್ತು ಬೆಳಿಗ್ಗೆ ಡೊಂಬಿವಲಿಯ ರದ್ದಿ ಅಂಗಡಿಯಲ್ಲಿ ಕಂಡದ್ದನ್ನು ಹೇಳದೆ ಸಮಾಧಾನ ಇಲ್ಲ. ಹಳೇ ಪೇಪರಿನ ಕಟ್ಟಿನ ಮೇಲೆ ಅಮೆರಿಕದ ಬಾಹ್ಯಾಕಾಶ ಟಿವಿ ಸರಣಿ ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ನ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರದ ಡಿಸ್ಕ್), ಏಳೂ ಸೀಸನ್, ಕಿಲೋ ಲೆಕ್ಕದಲ್ಲಿ ತೂಗುತ್ತಿದ್ದರು. ತಂದವರು ನಮ್ಮ ಕನ್ನಡದವರೇ. “ಎಲ್ಲ ಓಟಿಟಿಯಲ್ಲಿ ಉಂಟಲ್ಲ ಮಾರಾಯ್ರೆ, ಇದನ್ನು ಇಟ್ಟುಕೊಂಡು ಎಂಥ ಮಾಡುವುದು?” ಅಂದರು.

ಓಟಿಟಿಯಲ್ಲಿ ಇವತ್ತು ಉಂಟು, ಲೈಸೆನ್ಸ್ ಮುಗಿದ ದಿನ ಇಲ್ಲ. ಅದೂ ಇರಲಿ, ಓಟಿಟಿಯಲ್ಲಿ ಕಾಣುವ ಆ ಸ್ವಚ್ಛ ಚಿತ್ರ ಬಂದದ್ದೇ ಡಿಸ್ಕಿನ ದೆಸೆಯಿಂದ. 1987ರಿಂದ 1994ರವರೆಗೆ ಬಂದ ಈ ಸರಣಿಯ 178 ಕಂತುಗಳನ್ನು 35 ಮಿ.ಮೀ. ಫಿಲ್ಮ್‌ನಲ್ಲಿ ಚಿತ್ರೀಕರಿಸಿದ್ದರೂ ಎಡಿಟಿಂಗ್, ಎಫೆಕ್ಟ್ಸ್ ಎಲ್ಲ ಮುಗಿಸಿದ್ದು ವಿಡಿಯೋ ಟೇಪಿನಲ್ಲಿ. ಟೇಪಿನ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಮಸುಕೇ. ಬ್ಲೂ-ರೇಗೋಸ್ಕರ ಮೂಲ ನೆಗೆಟಿವ್‌ಗಳನ್ನು ಹುಡುಕಿ ತೆಗೆದು, ಮತ್ತೆ ಸ್ಕ್ಯಾನ್ ಮಾಡಿ, ಒಂದೊಂದೇ ಶಾಟ್ ಮೊದಲಿನಂತೆ ಜೋಡಿಸಿ, ನೌಕೆಯ ದೃಶ್ಯಗಳ ಪದರಗಳನ್ನು ಹೊಸದಾಗಿ ಕೂಡಿಸಿದರು. 2012ರಿಂದ 2014ರವರೆಗೆ ಬಿಡುಗಡೆ ನಡೆಯಿತು. ಡಿಸ್ಕ್ ನಿರೀಕ್ಷೆಯಷ್ಟು ಮಾರಲಿಲ್ಲ. ಅದಕ್ಕೇ ಸ್ಟಾರ್ ಟ್ರೆಕ್‌ನ ಮುಂದಿನ ಸರಣಿಗಳಾದ ‘ಡೀಪ್ ಸ್ಪೇಸ್ ನೈನ್’, ‘ವಾಯೇಜರ್’ ಇವತ್ತಿಗೂ ಆ ಟೇಪಿನ ಮಸುಕಿನಲ್ಲೇ ಉಳಿದಿವೆ. ಡಿಸ್ಕ್ ಮಾರಿದರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಬಾಹ್ಯಾಕಾಶ ಸರಣಿ ‘ಫೈರ್‌ಫ್ಲೈ’ ನೋಡಿ: 2002ರಲ್ಲಿ ತಯಾರಾದ 14 ಕಂತಿನಲ್ಲಿ 11 ಮಾತ್ರ ತೋರಿಸಿ ನಿಲ್ಲಿಸಿದರು. ಮರುವರ್ಷ ಬಂದ ಡಿವಿಡಿಯನ್ನು ಅಭಿಮಾನಿಗಳು ಮುಗಿಬಿದ್ದು ಕೊಂಡರು, 2005ರಲ್ಲಿ ಅದು ಸಿನಿಮಾ ಆಯಿತು. ತಕ್ಕಡಿ ಮೇಲಿದ್ದದ್ದು ಬರೀ ಪ್ಲಾಸ್ಟಿಕ್ ಅಲ್ಲ ಅಂತ ನನಗೆ ಸಿಟ್ಟು ಬಂದದ್ದು ಇದಕ್ಕೆ.

ಒನ್ ಬಿಎಚ್‌ಕೆಯಲ್ಲಿ ಜಾಗ ಇಲ್ಲ ಅನ್ನುತ್ತಾರೆ. ಏಳು ಸೀಸನ್ ನಿಲ್ಲಿಸಿಟ್ಟರೆ ಎರಡು ಗೇಣು ಸಾಕು. ಮುಂಬಯಿ ಮಳೆಗೆ ಬೂಷ್ಟು ಹಿಡಿಯುತ್ತದೆ ಅನ್ನುವುದು ಮಾತ್ರ ನಿಜ, ಆದರೆ ಅದಕ್ಕೆ ದಾರಿ ಉಂಟು.

ಡಿಸ್ಕಿನ ಮೇಲೆ ಜೇಡನ ಬಲೆಯಂತೆ ಬಿಳಿ ಎಳೆ ಕಂಡರೆ ನಲ್ಲಿ ನೀರು ಹಿಡಿದು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ, ಬೆರಳ ತುದಿಯಿಂದ ತೊಳೆಯಿರಿ. ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ. ಸುತ್ತ ಸುತ್ತ ಒರೆಸಬೇಡಿ. ಗೀರು ಡೇಟಾ ಇರುವ ಸುತ್ತಿನ ಟ್ರ್ಯಾಕಿನ ಉದ್ದಕ್ಕೆ ಬಿದ್ದರೆ ಒಂದೇ ಕಡೆ ತುಂಬಾ ಡೇಟಾ ಹೋಗಿ ಪ್ಲೇಯರ್‌ಗೆ ಸರಿಪಡಿಸಿಕೊಳ್ಳಲು ಆಗುವುದಿಲ್ಲ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಮುಟ್ಟಲೇಬೇಡಿ, ಡಿಸ್ಕಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮಂಜಾಗುತ್ತದೆ.

ಬಾಕ್ಸಿನಿಂದ ತೆಗೆಯುವಾಗ ನಡುವಿನ ಗುಬ್ಬಿಯನ್ನು ಹೆಬ್ಬೆರಳಲ್ಲಿ ಒತ್ತಿ, ಡಿಸ್ಕ್ ತಾನಾಗಿ ಮೇಲೆ ಬರುತ್ತದೆ. ಅಂಚು ಹಿಡಿದು ಎಳೆದರೆ ಬಗ್ಗುತ್ತದೆ. ಡಿವಿಡಿ ಅಂದರೆ 0.6 ಮಿ.ಮೀ. ದಪ್ಪದ ಎರಡು ಹಾಳೆ ಅಂಟಿಸಿದ್ದು. ಅಂಟು ಬಿಟ್ಟರೆ ನಮ್ಮ ತೇವದ ಗಾಳಿ ಒಳಗೆ ನುಗ್ಗಿ ಅಲ್ಯೂಮಿನಿಯಂ ಪದರ ತಿನ್ನುತ್ತದೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ತೂರಿ ಬಂದರೆ ಪದರ ತಿನ್ನುವುದು ಶುರುವಾಗಿದೆ. ಇದಕ್ಕೆ ಮದ್ದಿಲ್ಲ, ಓದುವಷ್ಟನ್ನು ಬೇಗ ಕಾಪಿ ಮಾಡಿಕೊಳ್ಳಿ.

ಡಿವಿಡಿ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಕೂಡಲೇ ಎಸೆಯಬೇಡಿ. 8.5 ಜಿಬಿಯ ಡಿಸ್ಕಿನಲ್ಲಿ ಎರಡು ಪದರ ಇರುತ್ತದೆ, ಹಳೇ ಲೇಸರ್ ಪದರ ಬದಲಿಸುವಲ್ಲಿ ತಡವರಿಸುತ್ತದೆ. ಬೇರೆ ಪ್ಲೇಯರಲ್ಲಿ ಹಾಕಿ ನೋಡಿ. ಹೊರದೇಶದ ಸೆಟ್ ಆದರೆ ಹಿಂದುಗಡೆಯ ರೀಜನ್ ಗುರುತೂ (ಯಾವ ದೇಶಗಳ ಪ್ಲೇಯರಿಗೆ ಅನ್ನುವುದು) ನೋಡಬೇಕು. ನಮ್ಮದು ಡಿವಿಡಿಗೆ 5, ಬ್ಲೂ-ರೇಗೆ ಸಿ. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಐದೇ ಸಲ ಬದಲಿಸಬಹುದು, ಆಮೇಲೆ ಲಾಕ್.

ಮಳೆ ಬಡಿಯುವ ಗೋಡೆಗೆ ತಾಗಿಸಿ ಇಡಬೇಡಿ. ಡಬ್ಬದಲ್ಲಿ ತೇವ ಹೀರುವ ನೀಲಿ ಸಿಲಿಕಾ ಜೆಲ್ ಹಾಕಿ, ಗುಲಾಬಿಗೆ ತಿರುಗಿದರೆ ಬದಲಿಸಿ.

ಇಷ್ಟೂ ಮಾಡಲು ಪುರುಸೊತ್ತಿಲ್ಲ ಅನ್ನುವವರು, ಡೊಂಬಿವಲಿಯಿಂದ ಮುಲುಂಡ್‌ವರೆಗೆ ಯಾರೇ ಇರಲಿ, ರದ್ದಿಯವನನ್ನು ಕರೆಯುವ ಮೊದಲು ನನಗೊಂದು ಮೆಸೇಜ್ ಹಾಕಿ. ರದ್ದಿ ರೇಟಿಗಿಂತ ಜಾಸ್ತಿಯೇ ಕೊಟ್ಟು ಒಯ್ಯುತ್ತೇನೆ.